ಮೀಟರ್‌ನಲ್ಲಿ 58 ಸಾವಿರ, ಸರ್ವೀಸ್ ದಾಖಲೆಯಲ್ಲಿ 1.27 ಲಕ್ಷ: ಮಂಗಳೂರಿನಿಂದ ತಂದ ಕಾರಿಗೆ ಕಾಸರಗೋಡಿನಲ್ಲಿ ಕೇಸು ಹಾಕಬಹುದಾ?

ನೀರ್ಚಾಲು ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕ ಹತ್ತಿರ ನೀರ್ಚಾಲಿನವಳು, ಕನ್ನಡ ಶಾಲೆಯಲ್ಲಿ ಟೀಚರ್. ಗಾಡಿ ಗೊತ್ತಿರುವವರು, ಕಾನೂನು ಗೊತ್ತಿರುವವರು ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ. ಸ್ವಲ್ಪ ಉದ್ದ ಇದೆ.

ಅಪ್ಪನಿಗೆ ಹೃದಯದ ತೊಂದರೆ. ಆಗಾಗ ಮಂಗಳೂರಿಗೆ ಕರೆದುಕೊಂಡು ಹೋಗಬೇಕು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ ಅಲ್ವಾ? 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಾವೆಲ್ಲ ಎಷ್ಟು ಕಷ್ಟಪಟ್ಟೆವು ಎಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಬಾಡಿಗೆ ಕಾರಿಗೆ ಕೊಟ್ಟು ಕೊಟ್ಟು ಸಾಕಾಗಿ, ಅಡಿಕೆ ಮಾರಿದ ದುಡ್ಡಿಗೆ ಸಹಕಾರಿ ಬ್ಯಾಂಕಿನ ಸಾಲ ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆವು. ಮಂಗಳೂರಿನಲ್ಲಿ ಹಳೆಯ ಕಾರು ಮಾರುವ ಒಂದು ಯಾರ್ಡಿನಿಂದ. 2017ರ ಸ್ವಿಫ್ಟ್ ಡೀಸೆಲ್, ಕೆಎ 19 ನಂಬರು, ಎರಡನೇ ಓನರ್. ಮೀಟರ್‌ನಲ್ಲಿ 58 ಸಾವಿರ ಚಿಲ್ಲರೆ. ಬೆಲೆ 4,60,000. ಅಡ್ವಾನ್ಸ್ ಫೋನಿನಲ್ಲೇ ಕಳಿಸಿದ್ದು, ಉಳಿದದ್ದು ಬ್ಯಾಂಕಿನಿಂದ ನೇರ ಅವರ ಖಾತೆಗೆ.

ಯಾರ್ಡಿನವರು ಹೇಳಿದ ಮಾತು ಇದು: "ಗಲ್ಫಿನಲ್ಲಿರುವವರ ಗಾಡಿ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಮಾತ್ರ ಓಡಿಸಿದ್ದು. ಶೆಡ್ಡಿನಲ್ಲೇ ಇತ್ತು." ನಮ್ಮ ಊರಿನಲ್ಲಿ ಅಂಥ ಗಾಡಿಗಳು ನಿಜಕ್ಕೂ ಇರುತ್ತವೆ. ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆವು. ಅವರೂ ಎಂಜಿನ್ ಚೆನ್ನಾಗಿದೆ ಎಂದರು.

ಈಗ ಕಾಸರಗೋಡಿನ ಕಂಪನಿ ವರ್ಕ್‌ಶಾಪಿಗೆ ಸರ್ವೀಸಿಗೆ ಕೊಟ್ಟೆವು. ಅಲ್ಲಿಯ ಹುಡುಗ ನಂಬರು ಹಾಕಿ ನೋಡಿ ಸುಮ್ಮನಾದ. ಆಮೇಲೆ ಸ್ಕ್ರೀನ್ ತಿರುಗಿಸಿ ತೋರಿಸಿದ. 2022ರ ಸೆಪ್ಟೆಂಬರಿನಲ್ಲಿ ಹಾಸನದ ವರ್ಕ್‌ಶಾಪಿನಲ್ಲಿ ಸರ್ವೀಸ್ ಆಗಿದೆ. ಆಗಲೇ 1,27,000 ದಾಟಿತ್ತು. ಅದಾದ ಮೇಲೆ ಕಂಪನಿಯಲ್ಲಿ ಸರ್ವೀಸ್ ಆದ ದಾಖಲೆಯೇ ಇಲ್ಲ. ಕ್ಲಚ್ ಕೂಡ ಮುಗಿಯುತ್ತಾ ಬಂದಿದೆಯಂತೆ. ಏರು ರಸ್ತೆಯಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಅಪ್ಪ ಹಿಂದಿನ ಸೀಟಿನಲ್ಲಿ ಮಲಗಿರುವಾಗ ಅರ್ಧ ದಾರಿಯಲ್ಲಿ ಹೀಗಾದರೆ ಎಂಬ ಯೋಚನೆಯೇ ನನಗೆ ಭಯ.

ಯಾರ್ಡಿಗೆ ಫೋನ್ ಮಾಡಿದೆ. "ನಮಗೆ ಬರುವಾಗಲೇ ಹಾಗಿತ್ತು, ನಾವು ಮುಟ್ಟಿಲ್ಲ" ಎಂದರು. ಆಮೇಲೆ ಇಪ್ಪತ್ತು ಸಾವಿರ ಕೊಡುತ್ತೇವೆ, ವಿಷಯ ಇಲ್ಲಿಗೆ ಬಿಡಿ ಎಂದರು. ಡೆಲಿವರಿ ನೋಟಿನಲ್ಲಿ "ಇದ್ದ ಸ್ಥಿತಿಯಲ್ಲಿ ಮಾರಾಟ, ಮುಂದೆ ನಮ್ಮ ಜವಾಬ್ದಾರಿ ಇಲ್ಲ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಅದನ್ನೇ ತೋರಿಸುತ್ತಿದ್ದಾರೆ. ಆದರೆ ಅದೇ ನೋಟಿನಲ್ಲಿ ಕಿಲೋಮೀಟರ್ ಎಂಬ ಜಾಗದಲ್ಲಿ 58 ಸಾವಿರದ ಲೆಕ್ಕ ಅವರ ಕೈಬರಹದಲ್ಲಿದೆ.

ಮನೆಯಲ್ಲಿ ಮೈದುನ ಹೇಳುತ್ತಾನೆ, ಅದೇ ಮೀಟರ್ ತೋರಿಸಿ ಬೇರೆಯವರಿಗೆ ಮಾರಿಬಿಡಿ ಅತ್ತಿಗೆ ಎಂದು. ಇನ್ನೊಂದು ಮನೆಯವರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಅದು ಬಿಟ್ಟು ದಾರಿ ಹೇಳಿ.

ದುಡ್ಡು ವಾಪಸ್ ಸಿಗುತ್ತದಾ? ಕೇಸು ಹಾಕುವುದಾದರೆ ಮಂಗಳೂರಿಗೇ ಓಡಾಡಬೇಕಾ? ಗಾಡಿಯನ್ನು ಕೇರಳಕ್ಕೆ ಬದಲಿಸಲು ಬೇಕಾದ ಕರ್ನಾಟಕದ ಒಪ್ಪಿಗೆ ಪತ್ರ (ಎನ್‌ಒಸಿ) ಇನ್ನೂ ಬಂದಿಲ್ಲ, ಹೆಸರು ಬದಲಾವಣೆ ಆಗಿಲ್ಲ. ಅದನ್ನು ಮುಂದುವರಿಸಲಾ, ನಿಲ್ಲಿಸಲಾ? ಗಾಡಿ ಓಡಿಸಬಹುದಾ?

ಪೆರ್ಲದವ:

ಓದಿ ಬೇಜಾರಾಯಿತು ಟೀಚರ್. ನನಗೆ ಕಾನೂನು ಗೊತ್ತಿಲ್ಲ. ಒಂದು ಮಾತು ಮಾತ್ರ: ಆ ಇಪ್ಪತ್ತು ಸಾವಿರ ತೆಗೆದುಕೊಳ್ಳಬೇಡಿ. ದುಡ್ಡು ಕೊಟ್ಟು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಮಾತಾಡಲು ಬಾಯಿ ಇರುವುದಿಲ್ಲ. ನನ್ನ ಭಾವನಿಗೆ ಹಾಗೇ ಆದದ್ದು. ಇನ್ನೊಂದು, ಯಾರ್ಡಿನವರು ವಾಟ್ಸಾಪಿನಲ್ಲಿ ಗಾಡಿಯ ಫೋಟೋ ಕಳಿಸಿದ್ದರಾ? ಮೀಟರ್ ಕಾಣುವ ಫೋಟೋ ಇದ್ದರೆ ಅಳಿಸಬೇಡಿ.

ಕುಂಬಳೆ ಗ್ಯಾರೇಜ್:

ಟೀಚರ್, ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಈ ಕೆಲಸದಲ್ಲಿದ್ದೇನೆ. ಕುಂಬಳೆಯಲ್ಲಿ ಸ್ವಂತ ಗ್ಯಾರೇಜು. ಈ ಮೀಟರ್ ತಿರುಗಿಸುವ ಕೆಲಸ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆ ಅಂದರೆ ಗಾಡಿ ಎಷ್ಟು ಓಡಿದೆ ಎಂದು ಗೊತ್ತಾದರೆ ಮಾತ್ರ ಯಾವ ಸಾಮಾನು ಯಾವಾಗ ಬದಲಿಸಬೇಕು ಎಂದು ನಾವು ಹೇಳಲು ಆಗುವುದು. ಸುಳ್ಳು ಲೆಕ್ಕ ನೋಡಿಕೊಂಡು ಟೈಮಿಂಗ್ ಬೆಲ್ಟ್ ಬದಲಿಸದೆ ಬಿಟ್ಟ ಒಂದು ಗಾಡಿ ನನ್ನ ಹತ್ತಿರ ಬಂದಿತ್ತು. ಬೆಲ್ಟ್ ತುಂಡಾಗಿ ವಾಲ್ವ್ ಎಲ್ಲ ಬಾಗಿತ್ತು. ಪಾಪ, ಆ ಮನೆಯವರು ಗಾಡಿಯ ಅರ್ಧ ಬೆಲೆಯನ್ನು ಎಂಜಿನ್ನಿಗೇ ಹಾಕಬೇಕಾಯಿತು.

ನಿಮ್ಮ ಗಾಡಿಗೆ ಆ ಭಯ ಇಲ್ಲ. ಅದರಲ್ಲಿರುವುದು ಫಿಯೆಟ್‌ನವರು ರೂಪಿಸಿದ 1.3 ಡೀಸೆಲ್ ಎಂಜಿನ್. ಬೆಲ್ಟ್ ಅಲ್ಲ, ಚೈನ್. ನೋಡಿಕೊಂಡರೆ 2 ಲಕ್ಷ ದಾಟಿ ಓಡುವ ಎಂಜಿನ್ ಅದು. ಟ್ಯಾಕ್ಸಿಯವರನ್ನು ಕೇಳಿ ನೋಡಿ. ಹಾಗಾಗಿ ನಿಮ್ಮ ಮೆಕ್ಯಾನಿಕ್ ಎಂಜಿನ್ ಚೆನ್ನಾಗಿದೆ ಎಂದದ್ದು ಸುಳ್ಳಲ್ಲ. ಚೆನ್ನಾಗಿರಬಹುದು. ಎಂಜಿನ್ ಶಬ್ದ ಕೇಳಿ ಕಿಲೋಮೀಟರ್ ಹೇಳಲು ಯಾರಿಂದಲೂ ಆಗುವುದಿಲ್ಲ.

ಮೀಟರ್ ತಿರುಗಿಸುವುದು ಹೇಗೆ ಎಂದು ಹೇಳುತ್ತೇನೆ. ಹಳೆಯ ಕಾಲದ ಗಾಲಿ ಮೀಟರ್ ಅಲ್ಲ ಈಗಿನದ್ದು. ಮೀಟರ್ ಬೋರ್ಡಿನಲ್ಲಿ ಒಂದು ಸಣ್ಣ ಮೆಮೊರಿ ಚಿಪ್ ಇರುತ್ತದೆ. ಲ್ಯಾಪ್‌ಟಾಪಿಗೆ ಒಂದು ಉಪಕರಣ ಜೋಡಿಸಿ ಅದರಲ್ಲಿರುವ ಅಂಕಿ ಬದಲಿಸುತ್ತಾರೆ. ಕೆಲವು ಗಾಡಿಗಳಲ್ಲಿ ಮೀಟರ್ ಬಿಚ್ಚಬೇಕು, ಕೆಲವದರಲ್ಲಿ ಸ್ಟೀರಿಂಗ್ ಕೆಳಗಿನ ಸಾಕೆಟ್‌ನಿಂದಲೇ ಆಗುತ್ತದೆ. ಸ್ವಲ್ಪ ಹೊತ್ತಿನ ಕೆಲಸ. ಹೊರಗಿನಿಂದ ಗುರುತೇ ಸಿಗುವುದಿಲ್ಲ.

ಆದರೆ ಗಾಡಿ ಎಲ್ಲವನ್ನೂ ಒಂದೇ ಜಾಗದಲ್ಲಿ ಬರೆದಿಟ್ಟುಕೊಳ್ಳುವುದಿಲ್ಲ. ದೊಡ್ಡ ಗಾಡಿಗಳಲ್ಲಿ ಎಬಿಎಸ್ ಯೂನಿಟ್, ಏರ್‌ಬ್ಯಾಗ್ ಯೂನಿಟ್, ಕೆಲವು ಸಲ ಕೀಯಲ್ಲೂ ಕಿಲೋಮೀಟರ್ ಉಳಿದಿರುತ್ತದೆ. ಸಣ್ಣ ಗಾಡಿಗಳಲ್ಲಿ ಅಷ್ಟೆಲ್ಲ ಇರುವುದು ಕಡಿಮೆ. ಆದರೂ ಸ್ಕ್ಯಾನರ್ ಹಾಕಿದರೆ ಒಂದು ಲೆಕ್ಕ ಸಿಗಬಹುದು. ಕೊನೆಯ ಸಲ ಫಾಲ್ಟ್ ಕೋಡ್ (ಗಾಡಿ ತಾನೇ ಬರೆದಿಟ್ಟುಕೊಳ್ಳುವ ದೋಷದ ಗುರುತು) ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎಂಬ ಲೆಕ್ಕ ಅದು. ಇದನ್ನು ಎಂಜಿನ್ ಕಂಪ್ಯೂಟರ್ ಇಟ್ಟುಕೊಳ್ಳುತ್ತದೆ, ಮೀಟರ್ ಅಲ್ಲ. 65,535 ಕಿಲೋಮೀಟರ್ ವರೆಗೆ ಎಣಿಸುತ್ತದೆ. ಮೀಟರ್‌ನಲ್ಲಿ 58 ಸಾವಿರ ಇದ್ದು ಈ ಲೆಕ್ಕ 60 ಸಾವಿರ ತೋರಿಸಿದರೆ ಮತ್ತೆ ವಾದ ಮಾಡಲು ಏನೂ ಇಲ್ಲ. ಕಡಿಮೆ ತೋರಿಸಿದರೆ ಮಾತ್ರ ಏನೂ ಸಾಬೀತಾಗುವುದಿಲ್ಲ. ನಡುವೆ ಯಾರಾದರೂ ಕೋಡ್ ಅಳಿಸಿರಬಹುದು.

ಗಾಡಿಯ ಮೈಮೇಲೆ ನೋಡಬೇಕಾದದ್ದೂ ಇದೆ. ಬ್ರೇಕ್ ಪೆಡಲಿನ ರಬ್ಬರ್ ಹೊಸದಾ? 58 ಸಾವಿರ ಓಡಿದ ಗಾಡಿಗೆ ಪೆಡಲ್ ರಬ್ಬರ್ ಬದಲಿಸುವ ಅಗತ್ಯ ಬರುವುದಿಲ್ಲ. ಡ್ರೈವರ್ ಸೀಟಿನ ಬಾಗಿಲ ಬದಿಯ ಅಂಚು ಕುಸಿದಿದೆಯಾ? ಸೀಟ್ ಕವರ್ ತೆಗೆದು ನೋಡಿ, ಮೇಲಿಂದ ಕಾಣುವುದಿಲ್ಲ. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಬೆರಳು ಇಟ್ಟರೆ ಏಣು ಸಿಗುತ್ತದಾ? ಮೀಟರ್ ಸುತ್ತಲಿನ ಪ್ಲಾಸ್ಟಿಕ್ ಫ್ರೇಮಿನಲ್ಲಿ ಎಬ್ಬಿಸಿದ ಗೀರು ಇದೆಯಾ?

ಟಯರ್ ತುಂಬಾ ಮುಖ್ಯ. ಟಯರಿನ ಬದಿಯಲ್ಲಿ ನಾಲ್ಕು ಅಂಕಿಯ ತಾರೀಕು ಇರುತ್ತದೆ. 2217 ಎಂದಿದ್ದರೆ 2017ರ 22ನೇ ವಾರದಲ್ಲಿ ಮಾಡಿದ್ದು. ಸ್ಟೆಪ್ನಿಯ ತಾರೀಕು ನೋಡಿ, ಅದು ಸಾಮಾನ್ಯವಾಗಿ ಗಾಡಿಯ ಜೊತೆ ಬಂದದ್ದೇ ಆಗಿರುತ್ತದೆ. ಓಡುವ ನಾಲ್ಕು ಟಯರ್ ಬೇರೆ ಬೇರೆ ವರ್ಷದ್ದಾಗಿದ್ದರೆ, ಅವುಗಳಲ್ಲೂ ಸವೆತ ಜಾಸ್ತಿ ಇದ್ದರೆ, ಶೆಡ್ಡಿನಲ್ಲಿ ನಿಂತ ಗಾಡಿ ಎಂಬ ಮಾತು ಅಲ್ಲಿಗೇ ಮುಗಿಯಿತು. ಟಯರಿನಿಂದಲೇ ಕೇಸು ಗೆಲ್ಲಲು ಆಗುವುದಿಲ್ಲ, ಆದರೆ ಎಲ್ಲ ಸೇರಿದಾಗ ಬಲ ಬರುತ್ತದೆ.

ಕ್ಲಚ್ ಈಗಲೇ ಬದಲಿಸಬೇಡಿ. ಬದಲಿಸಲೇಬೇಕು ಎಂದಾದರೆ ಮೊದಲು ಫೋಟೋ, ವಿಡಿಯೋ ತೆಗೆಯಿರಿ. ಹಳೆಯ ಪ್ಲೇಟ್ ಕೇಳಿ ಮನೆಗೆ ತನ್ನಿ. ಬಿಲ್ಲಿನಲ್ಲಿ ಆ ದಿನದ ಮೀಟರ್ ರೀಡಿಂಗ್ ಬರೆಸಿ. ಮತ್ತೆ ಆ ಕಂಪನಿ ವರ್ಕ್‌ಶಾಪಿಗೆ ಹೋಗಿ ಸರ್ವೀಸ್ ಹಿಸ್ಟರಿಯನ್ನು ಪ್ರಿಂಟ್ ತೆಗೆಸಿ ಸೀಲ್ ಹಾಕಿಸಿ. ಸ್ಕ್ರೀನಿನ ಫೋಟೋ ಸಾಕಾಗುವುದಿಲ್ಲ. ಆರ್‌ಸಿಯಲ್ಲಿರುವವರ ಒಪ್ಪಿಗೆ ಬೇಕು ಎನ್ನಬಹುದು. ಆಗ ಹಳೆಯ ಓನರನ್ನೇ ಹುಡುಕಬೇಕು.

ನೀರ್ಚಾಲು ಟೀಚರ್:

ಅಣ್ಣ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬಾ ಉಪಕಾರ. ಈಗಷ್ಟೇ ಹೋಗಿ ನೋಡಿದೆ. ಪೆಡಲ್ ರಬ್ಬರ್ ಹೊಸದು. ಸೀಟ್ ಕವರ್ ಕೂಡ ಹೊಸದು, ಒಳಗೆ ಫೋಮ್ ಒಂದು ಬದಿ ಹರಿದಿದೆ. ಸ್ಟೆಪ್ನಿ 2017ರದ್ದು. ಮುಂದಿನ ಟಯರ್ ಎರಡೂ 2023, ಹಿಂದಿನವು 2021.

ಹಳೆಯ ಓನರ್ ವಿಷಯ: ಹೆಸರು ಬದಲಾವಣೆಯ ಫಾರ್ಮ್ 29, 30ರಲ್ಲಿ ಅವರ ಸಹಿ, ವಿಳಾಸ ಇದೆ. ಫೋನ್ ಮಾಡಿದರೆ ತಪ್ಪಾಗುತ್ತದಾ? ಅವರೇ ತಿರುಗಿಸಿದ್ದರೆ?

ಪೆರ್ಲದವರಿಗೆ: ವಾಟ್ಸಾಪ್ ಫೋಟೋ ಇದೆ. ಮೀಟರ್ ಸರಿಯಾಗಿ ಕಾಣುತ್ತದೆ. ಜೊತೆಗೆ ಕಳಿಸಿದ ಮೆಸೇಜಿನಲ್ಲಿ "ಜೆನ್ಯೂನ್ ಕಿಲೋಮೀಟರ್" ಎಂದು ಬರೆದಿದ್ದಾರೆ.

ಕಾಸರಗೋಡು ವಕೀಲೆ:

ಟೀಚರ್, ನಾನು ಕಾಸರಗೋಡಿನಲ್ಲಿ ವಕೀಲಿ ಮಾಡುತ್ತೇನೆ, ಗ್ರಾಹಕರ ಕೇಸು ನಡೆಸಿ ಅನುಭವ ಇದೆ. ನಿಮ್ಮ ಮುಖ್ಯ ಪ್ರಶ್ನೆಗೆ ಮೊದಲು ಉತ್ತರ. ಮಂಗಳೂರಿಗೆ ಓಡಾಡುವ ಅಗತ್ಯ ಇಲ್ಲ. ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ಹಳೆಯ 1986ರ ಕಾಯ್ದೆಯಲ್ಲಿ ವ್ಯಾಪಾರಿ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ಹೋಗಬೇಕಿತ್ತು. ಗಡಿಯಲ್ಲಿರುವ ನಮಗೆ ಇದು ದೊಡ್ಡ ಕಷ್ಟವಾಗಿತ್ತು. ನಮ್ಮವರು ಬಟ್ಟೆಯಿಂದ ಹಿಡಿದು ಕಾರಿನ ವರೆಗೆ ಮಂಗಳೂರಿನಿಂದ ತರುತ್ತಾರೆ, ಜಗಳ ಬಂದರೆ ರಾಜ್ಯ ದಾಟಬೇಕು. ಎಷ್ಟೋ ಜನ ಅದೇ ಕಾರಣಕ್ಕೆ ಸುಮ್ಮನಾದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಅದರ 34ನೇ ಸೆಕ್ಷನ್ ಪ್ರಕಾರ ದೂರು ಕೊಡುವವರು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ನೀರ್ಚಾಲಿನಲ್ಲಿ ಇರುವುದರಿಂದ ಕಾಸರಗೋಡು ಸಾಕು. ಯಾರ್ಡಿನವರೇ ಇಲ್ಲಿಗೆ ಬರಬೇಕು.

ಶುಲ್ಕ ಎಷ್ಟು ಎಂದು ನೀವು ಕೇಳಿಲ್ಲ, ಆದರೆ ಎಲ್ಲರೂ ಆ ಹೆದರಿಕೆಯಲ್ಲೇ ಹಿಂದೆ ಸರಿಯುತ್ತಾರೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ನೀವು ಕೇಳುವ ಪರಿಹಾರ ಎಷ್ಟು ಎಂಬುದಲ್ಲ, ಕೊಟ್ಟ ಬೆಲೆಯೇ ಲೆಕ್ಕ. ನಿಮ್ಮದು 4,60,000. 5ರಿಂದ 10 ಲಕ್ಷಕ್ಕೆ 200 ರೂಪಾಯಿ. ವಕೀಲರು ಇಲ್ಲದೆ ನೀವೇ ವಾದಿಸಬಹುದು, ಆನ್‌ಲೈನಿನಲ್ಲೂ ದೂರು ಹಾಕಬಹುದು. 2 ವರ್ಷದ ಒಳಗೆ ಹಾಕಬೇಕು. ಹಾಗೆಂದು ಕಾಯಬೇಡಿ.

"ಇದ್ದ ಸ್ಥಿತಿಯಲ್ಲಿ ಮಾರಾಟ" ಎಂಬ ಅಚ್ಚಿನ ಸಾಲಿಗೆ ಹೆದರಬೇಡಿ. ಸುಳ್ಳು ಹೇಳಿ ಮಾರಿದ್ದನ್ನು ಆ ಸಾಲು ಕಾಪಾಡುವುದಿಲ್ಲ. ಬಾಗಿಲಲ್ಲಿ ಗೀರು ಇದೆ, ಸೀಟು ಹಳತಾಗಿದೆ ಎಂಬಂಥ ಕಣ್ಣಿಗೆ ಕಾಣುವ ವಿಷಯಕ್ಕೆ ಅದು ಅನ್ವಯಿಸಬಹುದು. 58 ಸಾವಿರ ಎಂದು ಅವರೇ ಕೈಯಲ್ಲಿ ಬರೆದಿದ್ದಾರೆ, ಜೆನ್ಯೂನ್ ಎಂದು ಮೆಸೇಜು ಹಾಕಿದ್ದಾರೆ. ಅದು ಅವರ ಮಾತು. ತಿರುಗಿಸಿದ್ದು ಅವರೇ ಎಂದು ನೀವು ತೋರಿಸಬೇಕಾಗಿಲ್ಲ. ಹೇಳಿದ್ದು ಅವರು, ಆ ಮಾತು ನಂಬಿ ನೀವು ದುಡ್ಡು ಕೊಟ್ಟಿರಿ, ಅದು ಸುಳ್ಳು. ಗ್ರಾಹಕ ಆಯೋಗದ ಮುಂದೆ ಅನುಚಿತ ವ್ಯಾಪಾರ ಎಂದು ಹೇಳಲು ಇದು ಗಟ್ಟಿ ಆಧಾರ.

"ನೀವೇ ನೋಡಿಕೊಳ್ಳಬೇಕಿತ್ತು" ಎಂದೂ ಹೇಳುತ್ತಾರೆ, ಕೇಳಿ ಕೇಳಿ ನನಗೆ ಸಾಕಾಗಿದೆ. 1872ರ ಕರಾರು ಕಾಯ್ದೆಯಲ್ಲಿ ಆ ವಾದಕ್ಕೆ ಜಾಗ ಇದೆ, ಆದರೆ ಗೊತ್ತಿಲ್ಲದೆ ತಪ್ಪು ಹೇಳಿದಾಗ ಅಥವಾ ಹೇಳದೆ ಮುಚ್ಚಿಟ್ಟಾಗ ಮಾತ್ರ. ಗೊತ್ತಿದ್ದೂ ಬಾಯಿಬಿಟ್ಟು ಸುಳ್ಳು ಹೇಳಿದವನಿಗೆ ಆ ರಕ್ಷಣೆ ಇಲ್ಲ.

ಯಾರ್ಡಿನವರು "ನಾವು ಬರೀ ಬ್ರೋಕರ್" ಎನ್ನುವ ಸಾಧ್ಯತೆ ಇದೆ. ಅದಕ್ಕೆ ಈಗಲೇ ಸಿದ್ಧರಾಗಿ. 2023ರ ಏಪ್ರಿಲ್ 1ರಿಂದ ಹಳೆಯ ಗಾಡಿ ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕು ಎಂಬ ಕೇಂದ್ರದ ನಿಯಮ ಇದೆ. ಓನರ್ ಗಾಡಿಯನ್ನು ಡೀಲರಿಗೆ ಒಪ್ಪಿಸಿದಾಗ ಫಾರ್ಮ್ 29ಸಿ ಕೊಡಬೇಕು. ಡೀಲರು ಗಾಡಿ ಎಲ್ಲಿಗೆ ಹೋಯಿತು, ಎಷ್ಟು ಓಡಿತು ಎಂಬ ಟ್ರಿಪ್ ರಿಜಿಸ್ಟರನ್ನೂ ಇಡಬೇಕು. ದೂರು ಹಾಕುವ ಮೊದಲು ಯಾರ್ಡಿಗೆ ಕಳಿಸುವ ನೋಟಿಸಿನಲ್ಲಿ ಈ ಮೂರನ್ನೂ ಕೇಳಿ. ಕೊಟ್ಟರೆ ದಾಖಲೆ ಸಿಕ್ಕಿತು. ಕೊಡದಿದ್ದರೆ ಅದನ್ನೇ ದೂರಿನಲ್ಲಿ ಬರೆಯಬಹುದು. ದುಡ್ಡು ಯಾರ್ಡಿನ ಖಾತೆಗೇ ಹೋಗಿರುವುದು ಬ್ರೋಕರ್ ಎಂಬ ಮಾತಿಗೆ ಒಳ್ಳೆಯ ಉತ್ತರ.

ಹಳೆಯ ಓನರಿಗೆ ಖಂಡಿತ ಫೋನ್ ಮಾಡಿ. ಆರೋಪ ಮಾಡಬೇಡಿ. ನೀವು ಮಾರುವಾಗ ಎಷ್ಟು ಕಿಲೋಮೀಟರ್ ಆಗಿತ್ತು, ಯಾರಿಗೆ ಕೊಟ್ಟಿರಿ ಎಂದು ಮಾತ್ರ ಕೇಳಿ.

ಗಾಡಿ ಓಡಿಸುವ ಬಗ್ಗೆ: ದುಡ್ಡು ವಾಪಸ್ ಕೇಳುವವರು ಗಾಡಿಯನ್ನು ತಮ್ಮದೇ ಎಂಬಂತೆ ಓಡಿಸುತ್ತಾ ಹೋದರೆ, ಒಪ್ಪಿಕೊಂಡಿದ್ದೀರಿ ಎಂದು ಎದುರಿನವರು ವಾದಿಸುತ್ತಾರೆ. ಮನೆಯಲ್ಲಿ ಇನ್ನೊಂದು ದಾರಿ ಇದ್ದರೆ ನಿಲ್ಲಿಸಿ. ಇನ್ನೊಂದು ಕಾರಣವೂ ಇದೆ. ಗಾಡಿ ಕೊಂಡ 14 ದಿನದ ಒಳಗೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಹೆಸರು ಬದಲಿಸಲು ಕೇಳಬೇಕು. ಆಗಿಲ್ಲ ಎಂದಾದರೆ ನಿಮ್ಮದೇ ಗಾಡಿಗೆ ಆದ ಹಾನಿಯ ಕ್ಲೇಮಿಗೆ ತಕರಾರು ಬರುತ್ತದೆ. ಅರ್ಜಿ ಇವತ್ತೇ ಕೊಡಿ.

ಎನ್‌ಒಸಿ ಬರಲಿ, ನಿಲ್ಲಿಸಬೇಡಿ. ಆದರೆ ಕೇರಳದ ತೆರಿಗೆ ಕಟ್ಟುವ ಮೊದಲೇ ನೋಟಿಸು ಹೋಗಿರಲಿ. ತೆರಿಗೆ ಕಟ್ಟಬೇಕಾಗಿ ಬಂದರೆ ಆ ರಸೀದಿಯ ದುಡ್ಡನ್ನೂ ಪರಿಹಾರದಲ್ಲಿ ಸೇರಿಸಿ ಕೇಳೋಣ.

ಪೊಲೀಸ್ ದೂರು ಕೊಡಬಹುದು. 2024ರ ಜುಲೈ 1ರ ನಂತರದ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್. ಹಿಂದೆ 420 ಎನ್ನುತ್ತಿದ್ದೆವಲ್ಲ, ಅದೇ. ಘಟನೆ ಮಂಗಳೂರಿನದ್ದಾದರೂ ದೂರನ್ನು ಬದಿಯಡ್ಕದಲ್ಲೇ ಕೊಡಬಹುದು. ಇದು ಸಿವಿಲ್ ವಿಷಯ ಎಂದು ಕಳಿಸಲು ನೋಡುತ್ತಾರೆ. ಬರೆದು ಕೊಟ್ಟು ರಸೀದಿ ಕೇಳಿ. ಕನ್ನಡದಲ್ಲೇ ಬರೆಯಿರಿ. ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲಿ ನಮ್ಮಂಥ ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಇದೆ. ಬಳಸದೆ ಬಿಟ್ಟರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಆಯೋಗದ ದೂರನ್ನು ಮಾತ್ರ ಇಂಗ್ಲಿಷಿನಲ್ಲಿ ಹಾಕುವುದು ಒಳ್ಳೆಯದು, ಎದುರಿನವರು ಕರ್ನಾಟಕದವರು, ಕೇಸು ಕೇರಳದ್ದು.

ಉಪ್ಪಳದ ಪಿಕಪ್:

ವಕೀಲೆ ಮೇಡಂ ಹೇಳಿದ್ದೆಲ್ಲ ಸರಿ ಇರಬಹುದು. ಆದರೆ ನನ್ನ ಅಭಿಪ್ರಾಯ ಬೇರೆ. ನನ್ನ ಪಿಕಪ್ಪಿಗೂ ಹೀಗೇ ಆಗಿತ್ತು. ಮೀನು ಸಾಗಿಸುವ ಗಾಡಿ, ಒಂದು ದಿನ ನಿಂತರೆ ಮನೆ ನಡೆಯುವುದಿಲ್ಲ. ಕೇಸು ಎಂದು ಕೂತರೆ ವರ್ಷಗಟ್ಟಲೆ ಗಾಡಿ ಮಳೆಗೆ ನೆನೆದು ತುಕ್ಕು ಹಿಡಿಯುತ್ತದೆ. ನಮ್ಮ ಕಡಲ ಗಾಳಿಗೆ ಕೇಳಬೇಕಾ? ನಾನು ಸರ್ವೀಸ್ ಹಿಸ್ಟರಿ ಪ್ರಿಂಟ್ ಹಿಡಿದುಕೊಂಡು ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ಕೂತು ಮಾತಾಡಿದೆ. ಬೆಲೆಯಲ್ಲಿ ಒಳ್ಳೆಯ ಮೊತ್ತ ವಾಪಸ್ ಕೊಟ್ಟರು. ಅದರಲ್ಲಿ ಗಾಡಿ ರಿಪೇರಿ ಮಾಡಿಸಿ ಈಗಲೂ ಓಡಿಸುತ್ತಿದ್ದೇನೆ. ಇಪ್ಪತ್ತು ಸಾವಿರ ಕಡಿಮೆ, ಅದು ಬೇಡ. ಆದರೆ ಮಾತುಕತೆಯ ಬಾಗಿಲು ಮುಚ್ಚಬೇಡಿ ಟೀಚರ್.

ಕಾಸರಗೋಡು ವಕೀಲೆ:

ಉಪ್ಪಳದವರ ಮಾತು ತೆಗೆದುಹಾಕುವಂಥದ್ದಲ್ಲ. ಕಾಯ್ದೆಯಲ್ಲಿ 3 ತಿಂಗಳು, ಪರೀಕ್ಷೆ ಬೇಕಾದರೆ 5 ತಿಂಗಳು ಎಂದಿದೆ. ನಿಜದಲ್ಲಿ ಅದಕ್ಕಿಂತ ಜಾಸ್ತಿ ಆಗುತ್ತದೆ, ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ನೋಟಿಸು ಕಳಿಸಿದ ಮೇಲೆ ಮಾತಾಡಿದರೆ ಮಾತಿನ ತೂಕವೇ ಬೇರೆ. ಮೊದಲು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಅವರು ಯಾರ್ಡಿಗೆ ದೂರು ಕಳಿಸಿ ಉತ್ತರ ಕೇಳುತ್ತಾರೆ. ಅಲ್ಲಿ ಆಗದಿದ್ದರೆ ಆಯೋಗ. ಆಯೋಗದಲ್ಲೂ ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಗೆ ಕಳಿಸುತ್ತಾರೆ.

ರಾಜಿ ಆಗುವುದಾದರೆ ಮೊತ್ತಕ್ಕೆ ಆಧಾರ ಬೇಕು. ಅದೇ ವರ್ಷದ, ಅದೇ ಮಾಡೆಲಿನ, 1.30 ಲಕ್ಷ ದಾಟಿದ ಗಾಡಿಗೆ ಬೆಲೆ ಎಷ್ಟು ಎಂದು ಬೇರೆ ಇಬ್ಬರು ಡೀಲರುಗಳಿಂದ ಬರೆಸಿಕೊಳ್ಳಿ. ಆ ವ್ಯತ್ಯಾಸ, ಕ್ಲಚ್ಚಿನ ಖರ್ಚು, ನಿಮ್ಮ ಓಡಾಟ. ಅದಕ್ಕಿಂತ ಕೆಳಗೆ ಇಳಿಯಬೇಡಿ. ರಾಜಿ ಪತ್ರದಲ್ಲಿ ಮೀಟರ್ ವಿಷಯ ಸ್ಪಷ್ಟವಾಗಿ ಬರೆದಿರಲಿ. ನಾಳೆ ನೀವು ಮಾರುವಾಗ ಕೊಳ್ಳುವವರಿಗೆ ಅದನ್ನು ತೋರಿಸಬೇಕು.

ಆಯೋಗದ ಆದೇಶ ಬಂದ ಮೇಲೂ ಗಡಿಯ ಆಚೆ ಇದ್ದೇವೆ ಎಂದು ಸುಮ್ಮನಿರಲು ಆಗುವುದಿಲ್ಲ. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದ ವರೆಗೆ ಜೈಲು, ಅಥವಾ 25 ಸಾವಿರದಿಂದ ಒಂದು ಲಕ್ಷದ ವರೆಗೆ ದಂಡ, ಅಥವಾ ಎರಡೂ. 72ನೇ ಸೆಕ್ಷನ್.

ಮುಳ್ಳೇರಿಯದಿಂದ:

ಮೇಡಂ, ನಡುವೆ ಒಂದು ಪ್ರಶ್ನೆ. ನನ್ನದು ಯಾರ್ಡಿನಿಂದ ತಂದದ್ದಲ್ಲ, ಪರಿಚಯದ ಒಬ್ಬರಿಂದ ನೇರ ತೆಗೆದುಕೊಂಡದ್ದು. ಮೀಟರ್ ಬಗ್ಗೆ ನನಗೂ ಸಂಶಯ ಇದೆ. ನನಗೂ ಇದೇ ದಾರಿಯಾ?

ಕಾಸರಗೋಡು ವಕೀಲೆ:

ಅಲ್ಲ. ತನ್ನ ಗಾಡಿ ಮಾರಿದ ಸಾಮಾನ್ಯ ವ್ಯಕ್ತಿ ವ್ಯಾಪಾರಿ ಅಲ್ಲ, ಗ್ರಾಹಕ ಆಯೋಗ ಅದನ್ನು ತೆಗೆದುಕೊಳ್ಳುವುದಿಲ್ಲ. ಸಿವಿಲ್ ಕೋರ್ಟು, ವಂಚನೆ ಗೊತ್ತಾದ ದಿನದಿಂದ 3 ವರ್ಷ. ಪೊಲೀಸ್ ದೂರು ನಿಮಗೂ ಇದೆ. ಮೊದಲು ಸರ್ವೀಸ್ ಹಿಸ್ಟರಿ ತೆಗೆಸಿ, ಸಂಶಯದ ಮೇಲೆ ಪರಿಚಯದವರ ಜೊತೆ ಜಗಳ ಬೇಡ.

ನೀರ್ಚಾಲು ಟೀಚರ್:

ಹಳೆಯ ಓನರ್ ಜೊತೆ ಮಾತಾಡಿದೆ. ಮೊದಲು ಸ್ವರವೇ ಬರಲಿಲ್ಲ. ಆದರೆ ಅವರು ತುಂಬಾ ಒಳ್ಳೆಯವರು. ಗಲ್ಫ್ ಅಲ್ಲ, ಈಗ ಹಾಸನದಲ್ಲಿದ್ದಾರೆ. ಕೆಲಸಕ್ಕೆಂದು ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಹತ್ತಿ ಇಳಿದು ಓಡಾಡಿದ ಗಾಡಿಯಂತೆ. ನಾನು 58 ಸಾವಿರ ಎಂದಾಗ ಅವರಿಗೇ ಸಿಟ್ಟು ಬಂತು. "ನನ್ನ ಹೆಸರು ಆ ಸುಳ್ಳಿಗೆ ಸೇರಿತಲ್ಲ" ಎಂದರು. ಅವರು ಕೊಟ್ಟದ್ದು ಒಬ್ಬ ಏಜೆಂಟಿಗೆ, ಆತ ಯಾರ್ಡಿಗೆ ಕೊಟ್ಟಿದ್ದಾನೆ.

ದೊಡ್ಡ ವಿಷಯ ಇದು. ಮಾರುವ ಮೊದಲು ಅವರ ಇನ್ಶೂರೆನ್ಸ್ ಒಂದು ಸಲ ತಪ್ಪಿಹೋಗಿತ್ತಂತೆ. ಮತ್ತೆ ಮಾಡಿಸುವಾಗ ಕಂಪನಿಯವರು ಗಾಡಿಯ ಸುತ್ತ ವಿಡಿಯೋ ತೆಗೆಸಿದ್ದಾರೆ. ಆ ವಿಡಿಯೋದಲ್ಲಿ ಮೀಟರ್ ಇದೆ. 1,34,000 ಚಿಲ್ಲರೆ. ನನಗೆ ಕಳಿಸಿದ್ದಾರೆ. ಬೇಕಾದರೆ ಅಫಿಡವಿಟ್ ಮಾಡಿ ಕೊಡುತ್ತೇನೆ ಎಂದೂ ಹೇಳಿದರು. ಸರ್ವೀಸ್ ಹಿಸ್ಟರಿಗೆ ಅವರ ಒಪ್ಪಿಗೆಯೂ ಸಿಕ್ಕಿತು.

ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ಉಪ್ಪಳದ ಅಣ್ಣನ ಮಾತು ಅಪ್ಪನಿಗೆ ಸರಿ ಕಂಡಿತು. ನನಗೆ ಮಾತ್ರ ಈ ಗಾಡಿ ಬೇಡ. ಸುಳ್ಳು ಗೊತ್ತಾದ ಮೇಲೆ ಅದರಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೊರಡಲು ಧೈರ್ಯ ಬರುವುದಿಲ್ಲ. ಹಾಗಾಗಿ ಪೂರ್ತಿ ದುಡ್ಡು, ಬ್ಯಾಂಕಿನ ಬಡ್ಡಿ ಸಮೇತ ಕೇಳುವುದು ಎಂದು ತೀರ್ಮಾನ ಮಾಡಿದೆವು. ಮೈದುನನೂ ಈಗ ನನ್ನ ಕಡೆ. ಮಂಗಳೂರಿಗೆ ಹೋಗುವಾಗ ಅವನ ಸ್ನೇಹಿತನ ಕಾರು ಸಿಗುತ್ತದೆ. ಇನ್ಶೂರೆನ್ಸ್ ಅರ್ಜಿ ಕೊಟ್ಟಾಯಿತು.

ಮೇಡಂ, ಏಜೆಂಟ್ ನಡುವೆ ಬಂದದ್ದರಿಂದ ಕೇಸಿಗೆ ತೊಂದರೆ ಆಗುತ್ತದಾ? ಅಣ್ಣ, ಸ್ಕ್ಯಾನರ್ ಹಾಕಿಸುವುದಾದರೆ ಗಾಡಿ ಕುಂಬಳೆಗೆ ತರಬೇಕಾ?

ಕಾಸರಗೋಡು ವಕೀಲೆ:

ತೊಂದರೆ ಇಲ್ಲ. ನಿಮಗೆ ಮಾರಿದ್ದು ಯಾರ್ಡು, ಬರೆದು ಕೊಟ್ಟದ್ದೂ ಯಾರ್ಡು. ಏಜೆಂಟ್ ಮೋಸ ಮಾಡಿದ ಎಂದಾದರೆ ಅದು ಅವರಿಬ್ಬರ ನಡುವಿನ ಲೆಕ್ಕ. ಹಾಸನದವರ ಅಫಿಡವಿಟ್ ನಿಮ್ಮ ಕೇಸಿನ ಬೆನ್ನೆಲುಬು. ಮಾರಿದ ತಾರೀಕು, ಆ ದಿನದ ಅಂದಾಜು ಕಿಲೋಮೀಟರ್, ಏಜೆಂಟಿಗೆ ಕೊಟ್ಟ ರಸೀದಿ ಅಥವಾ ದುಡ್ಡು ಬಂದ ಬ್ಯಾಂಕ್ ದಾಖಲೆ, ಇಷ್ಟು ಅದರಲ್ಲಿ ಇರಲಿ. ವಿಡಿಯೋವನ್ನು ವಾಟ್ಸಾಪಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ಅಲ್ಲಿ ಗಾತ್ರ ಕಡಿಮೆಯಾಗಿ ತಾರೀಕೂ ಹೋಗುತ್ತದೆ. ಮೂಲ ಫೈಲನ್ನು ಇಮೇಲಿನಲ್ಲಿ ಕಳಿಸಲು ಹೇಳಿ. ನೋಟಿಸನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸೋಣ, 15 ದಿನದ ಗಡುವು ಸಾಕು. ಕರಡು ಬರೆದು ಇಲ್ಲಿ ಹಾಕಬೇಡಿ, ಯಾರ್ಡಿನವರೂ ಓದುತ್ತಿರಬಹುದು. ನನಗೆ ಖಾಸಗಿ ಮೆಸೇಜು ಮಾಡಿ.

ಕುಂಬಳೆ ಗ್ಯಾರೇಜ್:

ಗಾಡಿ ತರಬೇಡಿ ಟೀಚರ್. ಈ ಭಾನುವಾರ ನಾನೇ ಸ್ಕ್ಯಾನರ್ ತೆಗೆದುಕೊಂಡು ನೀರ್ಚಾಲಿಗೆ ಬರುತ್ತೇನೆ. ದುಡ್ಡಿನ ಮಾತು ಬೇಡ. ಅಲ್ಲಿವರೆಗೆ ಯಾರಿಗೂ ಸ್ಕ್ಯಾನರ್ ಹಾಕಿ ಕೋಡ್ ಅಳಿಸಲು ಬಿಡಬೇಡಿ, ಅಳಿಸಿದರೆ ಆ ಲೆಕ್ಕ ಸೊನ್ನೆಯಾಗುತ್ತದೆ. ಬ್ಯಾಟರಿ ವಯರ್ ಕೂಡ ತೆಗೆಯಬೇಡಿ, ಕೆಲವು ಗಾಡಿಗಳಲ್ಲಿ ಅದರಿಂದಲೂ ಅಳಿಸಿಹೋಗುತ್ತದೆ. ನಿಂತ ಗಾಡಿಯ ಬ್ಯಾಟರಿ ಇಳಿಯದಂತೆ ಎರಡು ದಿನಕ್ಕೊಮ್ಮೆ ಅಂಗಳದಲ್ಲೇ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಡಿ. ಆಗ ಪ್ರತಿ ಸಲ ಮೀಟರಿನ ಫೋಟೋ ತೆಗೆದಿಡಿ.